ಎರಡು ಯೂನಿವರ್ಸಿಟಿ, ಒಂದು ಎಕ್ಸೆಲ್ ಶೀಟು

2025ರ ಫೆಬ್ರವರಿಯಲ್ಲಿ ಆ ಸುದ್ದಿ ಬಂದ ಮರುದಿನ ಆಫೀಸಿನ ಊಟದ ಮೇಜಿನಲ್ಲಿ ಅದೇ ಮಾತು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಚಿವ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಕಡೆಗೆ ವಾಲಿದೆ, ಆ ಒಂಬತ್ತರಲ್ಲಿ ನಮ್ಮ ಹಾವೇರಿಯದೂ ಒಂದು.

"ಒಳ್ಳೇದಾಯ್ತು ಬಿಡಿ" ಅಂದರು ಒಬ್ಬರು, ಡಬ್ಬಿಯ ಮುಚ್ಚಳ ತೆಗೆಯುತ್ತಾ. "ಜಿಲ್ಲೆಗೊಂದು ಯೂನಿವರ್ಸಿಟಿ ಯಾಕ್ರೀ? ಎಲ್ಲಾ ನಮ್ಮ ಟ್ಯಾಕ್ಸ್ ದುಡ್ಡು. ಹಾವೇರಿಗೆ ಧಾರವಾಡ ಇದೆಯಲ್ಲ, ಹೆಚ್ಚೆಂದರೆ ನೂರು ಕಿಲೋಮೀಟರ್. ಫೀಸೂ ಹೆಚ್ಚುಕಡಿಮೆ ಒಂದೇ, ಹೆಸರೂ ದೊಡ್ಡದು. ಯಾರಾದ್ರೂ ಧಾರವಾಡ ಬಿಟ್ಟು ಹಾವೇರಿಗೆ ಸೇರ್ತಾರಾ?"

ಹೇಳಿದವರು ಕೆಟ್ಟವರಲ್ಲ. ಆದರೆ ಆಫೀಸು ಹದಿನಾಲ್ಕು ಕಿಲೋಮೀಟರ್ ದೂರ ಆಯ್ತು ಅಂತ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುವ ಮನುಷ್ಯ ಅವರು. ನೂರು ಕಿಲೋಮೀಟರನ್ನು ಅಷ್ಟು ಸಲೀಸಾಗಿ ನುಂಗಿಬಿಟ್ಟರಲ್ಲ, ಅದು ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತು.

ನನಗೆ ಇದು ಪೇಪರಿನ ಸುದ್ದಿ ಮಾತ್ರ ಆಗಿರಲಿಲ್ಲ. ನಮ್ಮೂರು ಬ್ಯಾಡಗಿ ತಾಲೂಕಿನ ಒಂದು ಹಳ್ಳಿ. ಅಕ್ಕನ ಮಗಳು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ, ಗಣಿತದಲ್ಲಿ ಎಂಎಸ್ಸಿ ಮಾಡಬೇಕು ಅಂತ ಅವಳ ಆಸೆ. ಆ ವಾರ ರಾತ್ರಿ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದಳು. "ಮಾಮಾ, ನಾ ಹಾವೇರ್ಯಾಗ ಸೇರಿದ್ರ ನನ್ನ ಎಂಎಸ್ಸಿ ಮುಗಿಯೂದ್ರಾಗ ಯೂನಿವರ್ಸಿಟಿ ಇರತೈತೇನು?"

ನಾನು ಸಾಫ್ಟ್‌ವೇರಿನವನು, ಉತ್ತರ ಗೊತ್ತಿಲ್ಲದಿದ್ದಾಗ ಎಕ್ಸೆಲ್ ತೆರೆಯುವುದು ನಮ್ಮ ಕುಲಧರ್ಮ. ಒಂದು ಕಾಲಂ ಧಾರವಾಡ, ಇನ್ನೊಂದು ಹಾವೇರಿ. ಮೊದಲ ಸಾಲು ಫೀಸು. ಅಲ್ಲೇ ಗೊತ್ತಾಯಿತು, ನಮ್ಮ ಊಟದ ಮೇಜಿನ ವಾದ ಎಷ್ಟು ಟೊಳ್ಳು ಅಂತ. ಎರಡೂ ಸರ್ಕಾರಿ. ಎರಡರ ಫೀಸೂ ನಮ್ಮ ಟೀಮಿನ ಒಂದು ಔಟಿಂಗಿನ ಬಿಲ್ಲಿಗಿಂತ ಕಡಿಮೆ. ಈ ಸಾಲಿನಿಂದ ಯಾವ ತೀರ್ಮಾನಕ್ಕೂ ಬರಲಾಗದು. ಆದರೂ ಸರ್ಕಾರಿ ಓದಿನ ಖರ್ಚು ಅಂದರೆ ನಾವು ಹೋಲಿಸುವುದು ಬರೀ ಫೀಸನ್ನೇ, ಯಾಕೆಂದರೆ ಅದೊಂದೇ ರಸೀದಿಯಲ್ಲಿ ಬರುತ್ತದೆ.

ರಸೀದಿ ಇಲ್ಲದ ಖರ್ಚಿನ ಲೆಕ್ಕ ಹೇಳುತ್ತೇನೆ ಕೇಳಿ. ನಮ್ಮೂರಿಂದ ಹಾವೇರಿಗೆ ಬೆಳಿಗ್ಗೆ ಏಳು ನಲವತ್ತರ ಬಸ್ಸು ಹತ್ತಿದರೆ ಒಂದು ತಾಸು. ಯೂನಿವರ್ಸಿಟಿ ಇರುವುದು ಊರ ಪಕ್ಕದ ಕೆರಿಮತ್ತಿಹಳ್ಳಿಯಲ್ಲಿ, ಮೊದಲು ಅದು ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಅಕ್ಕ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ತಗೊಂಡು ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದೆ, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾನೆ. ಅಂದರೆ ಹಾವೇರಿ ಕಾಲಂನಲ್ಲಿ ಬಸ್ಸಿನ ಖರ್ಚು ಸೊನ್ನೆ.

ಧಾರವಾಡಕ್ಕೂ ಟಿಕೆಟ್ ಸೊನ್ನೆಯೇ, ನಿಜ. ಆದರೆ ಬ್ಯಾಡಗಿ, ಹಾವೇರಿ, ಹುಬ್ಬಳ್ಳಿ, ಧಾರವಾಡ ಅಂತ ಬಸ್ಸು ಬದಲಿಸುತ್ತಾ ಹೋದರೆ ಒಂದು ಕಡೆಗೇ ಮೂರೂವರೆ ತಾಸು. ಹೋಗಿ ಬರಲು ಏಳು. ಸರ್ಕಾರ ಟಿಕೆಟ್ಟನ್ನು ಮಾಫಿ ಮಾಡಬಹುದು, ಗಡಿಯಾರವನ್ನು ಮಾಡಲಾಗದು. ಹಾಗಾಗಿ ಧಾರವಾಡ ಅಂದರೆ ರೂಮು, ಮೆಸ್ಸು. ಇಬ್ಬರು ಸೇರಿ ರೂಮು ಹಿಡಿದರೂ ಬಾಡಿಗೆ, ಊಟ, ಮೊಬೈಲು, ಝೆರಾಕ್ಸು, ತಿಂಗಳಿಗೊಮ್ಮೆ ಔಷಧ ಅಂತ ನಾನು ಹಿಡಿದ ಲೆಕ್ಕ ತಿಂಗಳಿಗೆ 7,500. ವರ್ಷಕ್ಕೆ ಹತ್ತು ತಿಂಗಳಂತೆ ಎರಡು ವರ್ಷಕ್ಕೆ ಒಂದೂವರೆ ಲಕ್ಷ. ಹಾಸ್ಟೆಲ್ ಸಿಕ್ಕರೆ ಅರ್ಧಕ್ಕಿಳಿಯುತ್ತದೆ. "ಸಿಕ್ಕರೆ" ಅನ್ನುವ ಪದಕ್ಕೆ ಎಕ್ಸೆಲ್ಲಿನಲ್ಲಿ ಫಾರ್ಮುಲಾ ಇಲ್ಲ.

ಈಗ ಭಾವನ ಮೂರು ಎಕರೆ ನೋಡಿ. ಬ್ಯಾಡಗಿ ಅಂದ ಕೂಡಲೇ ನೀವು ಮೆಣಸಿನಕಾಯಿ ಅಂತೀರಿ, ಆದರೆ ನಮ್ಮ ಕಡೆ ಹೊಲಗಳಲ್ಲಿ ಈಗ ಕಣ್ಣು ಹಾಯಿಸಿದಷ್ಟೂ ಗೋವಿನಜೋಳ. ಎಕರೆಗೆ ಇಪ್ಪತ್ತು ಕ್ವಿಂಟಲ್ ಅಂದರೆ ಒಟ್ಟು ಅರವತ್ತು. 2024–25ರ ಬೆಂಬಲ ಬೆಲೆ ಕ್ವಿಂಟಲ್ಲಿಗೆ 2,225 ರೂಪಾಯಿ, ಅಷ್ಟು ಕೈಗೆ ಸಿಕ್ಕರೆ ಪುಣ್ಯ. ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ, 1,33,500. ಬೀಜ, ಗೊಬ್ಬರ, ಆಳು, ಟ್ರ್ಯಾಕ್ಟರ್ ಬಾಡಿಗೆ ಕಳೆದು ಅರ್ಧ ಉಳಿದರೆ ಊರಿನಲ್ಲಿ ಅವನನ್ನು ಜಾಣ ರೈತ ಅಂತಾರೆ. ಅಂದರೆ ಮಗಳ ಎರಡು ವರ್ಷದ ಧಾರವಾಡಕ್ಕೆ ಎರಡು ವರ್ಷದ ಸುಗ್ಗಿ ಪೂರಾ ಸುರಿದರೂ ಸಾಲದು. ಮಾಮಾ ನಾನಿದ್ದೀನಿ, ಕೊಡುತ್ತೀನಿ. ಆದರೆ ಬೆಂಗಳೂರಿನಲ್ಲಿ ಒಬ್ಬ ಮಾಮಾ ಇರಬೇಕು ಅನ್ನುವುದನ್ನು ರಾಜ್ಯದ ಉನ್ನತ ಶಿಕ್ಷಣ ನೀತಿ ಅಂತ ಕರೆಯೋಕಾಗುತ್ತಾ?

ಇಷ್ಟಕ್ಕೇ ನಿಲ್ಲಿಸಿದರೆ ನಾನು ಮೋಸ ಮಾಡಿದಂತೆ. ಖರ್ಚಿನ ಕೆಳಗೆ ಬೆಲೆ, ಅಂದರೆ ಕೊಟ್ಟಿದ್ದಕ್ಕೆ ಸಿಗುವುದೇನು ಅನ್ನುವ ಸಾಲೂ ಇದೆ. ಅಲ್ಲಿ ಧಾರವಾಡದ ಮುಂದೆ ಹಾವೇರಿಗೆ ಉಸಿರೆತ್ತಲು ಆಗುವುದಿಲ್ಲ. ಎಪ್ಪತ್ತೈದು ವರ್ಷದ ವಿಶ್ವವಿದ್ಯಾಲಯ ಅದು. ಎಂ.ಎಂ. ಕಲಬುರ್ಗಿ ಪಾಠ ಹೇಳಿದ ಕನ್ನಡ ವಿಭಾಗ, ಚಂಪಾ ಪಾಠ ಹೇಳಿದ ಇಂಗ್ಲಿಷ್ ವಿಭಾಗ. ಆ ಚಂಪಾ ನಮ್ಮ ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನವರೇ. ದೊಡ್ಡ ಲೈಬ್ರರಿ ಇದೆ. ಕ್ಯಾಂಪಸ್ಸಿನ ಹೊರಗೆ ಕಾಲಿಟ್ಟರೆ ಸಪ್ತಾಪುರದ ಓಣಿಗಳಲ್ಲಿ ರೀಡಿಂಗ್ ರೂಮುಗಳು, ಕೋಚಿಂಗ್ ಸೆಂಟರುಗಳು, ಪಿಎಸ್‌ಐ ಪರೀಕ್ಷೆಗೋ ಕೆಎಎಸ್‌ಗೋ ಓದುತ್ತಾ ಚಹಾದ ಅಂಗಡಿ ಮುಂದೆ ನಿಂತ ನೂರಾರು ಹುಡುಗ ಹುಡುಗಿಯರು. ಯಾವ ಪರೀಕ್ಷೆ ಯಾವಾಗ, ಯಾವ ಪುಸ್ತಕ ಓದಬೇಕು ಅನ್ನುವುದು ಅಲ್ಲಿ ಗಾಳಿಯಲ್ಲೇ ತಿಳಿಯುತ್ತದೆ. ನಾನು ಬಿಇಯಲ್ಲಿ ಕಲಿತದ್ದರಲ್ಲಿ ಅರ್ಧ ಇಂಥ ಗಾಳಿಯಿಂದಲೇ. ಮನೆಯಿಂದ ಬಸ್ಸಿಗೆ, ಬಸ್ಸಿನಿಂದ ಕ್ಲಾಸಿಗೆ, ಕ್ಲಾಸಿನಿಂದ ಮತ್ತೆ ನಾಲ್ಕರ ಬಸ್ಸಿಗೆ ಓಡುವವಳಿಗೆ ಆ ಗಾಳಿ ತಾಗುವುದಿಲ್ಲ. ಮಾರ್ಕ್ಸ್‌ಕಾರ್ಡಿನ ಮೇಲೆ ಧಾರವಾಡದ ಹೆಸರಿದ್ದರೆ ಸಂದರ್ಶನದಲ್ಲಿ ಯಾರೂ "ಇದೆಲ್ಲಿ ಬರುತ್ತೆ?" ಅಂತ ಕೇಳುವುದೂ ಇಲ್ಲ.

ಹಾಗಾದರೆ ನಮ್ಮ ಊಟದ ಮೇಜಿನವರು ಹೇಳಿದ್ದೇ ಸರಿ ಅಲ್ವಾ? ಅಲ್ಲ. ಶೀಟಿನಲ್ಲಿ ಇನ್ನೂ ಒಂದು ಸಾಲು ಬಾಕಿ ಇದೆ. ಅದನ್ನು ತುಂಬಲು ನಾನು ಎರಡು ದಿನ ತಗೊಂಡೆ.

2003ರಲ್ಲಿ ನಮ್ಮ ಅಕ್ಕ ಬಿಎ ಮುಗಿಸಿದಳು, ಫಸ್ಟ್ ಕ್ಲಾಸು. ಕನ್ನಡ ಎಂಎ ಮಾಡಬೇಕು ಅಂದಳು. ಆಗ ನಮಗೆ ಎಂಎ ಅಂದರೆ ಧಾರವಾಡ. ಅಪ್ಪ ಬೈಯಲಿಲ್ಲ, ಸಿಟ್ಟಾಗಲಿಲ್ಲ. ಎರಡು ದಿನ ಸುಮ್ಮನಿದ್ದು ಆಮೇಲೆ ಅವ್ವನ ಮುಂದೆ ಹೇಳಿದ, "ಒಬ್ಬಾಕೀನ ಅಷ್ಟು ದೂರ ಹೆಂಗ ಕಳಸೂದು?" ಅಷ್ಟೇ. ಆ ವರ್ಷದ ಕೊನೆಗೆ ಮದುವೆ. ಎರಡು ವರ್ಷದ ಮೇಲೆ ನನಗೆ ಬಿಇ ಸೀಟು ಸಿಕ್ಕಿತು, ಹಾವೇರಿ ಜಿಲ್ಲೆಯ ಹೊರಗೆ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ, ಒಂದು ಜೋಡಿ ಎತ್ತು ಮಾರಿ, ನಾಲ್ಕು ವರ್ಷದಲ್ಲಿ ಎರಡೂವರೆ ಲಕ್ಷ ನನ್ನ ಮೇಲೆ ಹಾಕಿದ. ಅಕ್ಕನ ಎಂಎಗೆ ಬೇಕಾಗಿದ್ದದ್ದು ಅದರ ಹತ್ತರಲ್ಲೊಂದು ಪಾಲು. ನನಗೂ ಅಷ್ಟೇ ದೂರ, ಆದರೆ ನನ್ನ ವಿಷಯದಲ್ಲಿ "ಹೆಂಗ ಕಳಸೂದು" ಅನ್ನುವ ಪ್ರಶ್ನೆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ನಾನೂ ಎತ್ತಲಿಲ್ಲ. ಹದಿನೆಂಟು ವರ್ಷದವನಿಗೆ ಅದು ಕಾಣಲೇ ಇಲ್ಲ ಅಂತ ಇವತ್ತು ಹೇಳಬಹುದು. ಆದರೆ ಹಾಗೆ ಹೇಳಿದರೆ ಪೂರ್ತಿ ನಿಜ ಹೇಳಿದಂತಾಗುವುದಿಲ್ಲ. ಕಂಡಿತ್ತು, ನನಗೆ ಅನುಕೂಲವಾಗಿತ್ತು.

ಅಂದರೆ ಫೀಸಿನಿಂದ ಅಕ್ಕ ಓದು ಬಿಡಲಿಲ್ಲ. ದೂರದಿಂದ ಬಿಟ್ಟಳು. ಸರ್ಕಾರಿ ವಿಶ್ವವಿದ್ಯಾಲಯದ ನಿಜವಾದ ಬೆಲೆ ಇರುವುದು ಚಲನ್‌ನಲ್ಲಿ ಅಲ್ಲ, ಮನೆಯ ಹೊಸ್ತಿಲಿಂದ ಕ್ಲಾಸಿನ ಬಾಗಿಲವರೆಗಿನ ದಾರಿಯಲ್ಲಿ. ಆ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಹುಡುಗನಿಗೆ ಅದು ರೂಪಾಯಿ. ಹುಡುಗಿಗೆ ರೂಪಾಯಿ ಜೊತೆ ಅಪ್ಪನ ಒಪ್ಪಿಗೆ, ಕಾಕಾನ ಮಾತು, ಓಣಿಯವರ ಕಣ್ಣು. "ಧಾರವಾಡ ಇದೆಯಲ್ಲ" ಅಂದಾಗ ನೀವು ಸರ್ಕಾರದ ಖರ್ಚನ್ನು ಕಡಿಮೆ ಮಾಡುತ್ತಿಲ್ಲ, ಅದನ್ನು ಸರ್ಕಾರದ ಪುಸ್ತಕದಿಂದ ತೆಗೆದು ಇಂಥ ಹುಡುಗಿಯರ ಹೆಸರಿಗೆ ಬರೆಯುತ್ತಿದ್ದೀರಿ. ಬಜೆಟ್ ಭಾಷಣದಲ್ಲಿ ಅದನ್ನು ಉಳಿತಾಯ ಅಂತ ಓದುತ್ತಾರೆ.

ಹತ್ತಿರ ಇರಬೇಕು ಅನ್ನುವ ವಾದ ಹೊಸದೂ ಅಲ್ಲ. ಧಾರವಾಡ ಹುಟ್ಟಿದ್ದೇ ಆ ವಾದದಿಂದ. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಗುವ ಮುಂಚೆ ಈ ಕಡೆಯವರು ಡಿಗ್ರಿಗೆ ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಬೇಂದ್ರೆಯವರೇ ಬಿಎ ಮಾಡಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಕಾಲೇಜು ಬಂದ ಮೇಲೂ ಮೂವತ್ತು ವರ್ಷ ವಿಶ್ವವಿದ್ಯಾಲಯ ಅಂದರೆ ಮುಂಬೈ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಕಚೇರಿಯೂ ಮೊದಲು ಮುಂಬೈಯಲ್ಲೇ ಇತ್ತು, ಮರುವರ್ಷ ಧಾರವಾಡಕ್ಕೆ ಬಂತು. ಆಮೇಲೆ ಬೀದರಿನವರಿಗೆ ಧಾರವಾಡ ದೂರ ಅಂತ 1980ರಲ್ಲಿ ಗುಲಬರ್ಗಾ, ಬೆಳಗಾವಿ ವಿಜಯಪುರದವರಿಗೆ ದೂರ ಅಂತ 2010ರಲ್ಲಿ ರಾಣಿ ಚನ್ನಮ್ಮ. ಇವತ್ತು ಧಾರವಾಡದ ಹೆಸರಿಟ್ಟುಕೊಂಡು ಹಾವೇರಿಯನ್ನು ಹಳಿಯುವವರು ನೂರು ವರ್ಷದ ಹಿಂದೆ ಹುಟ್ಟಿದ್ದರೆ "ಪುಣೆ ಇದೆಯಲ್ಲ" ಅಂತಲೇ ಅನ್ನುತ್ತಿದ್ದರು.

ಇನ್ನೊಂದು ಮಾತು, ಸ್ವಲ್ಪ ಕಹಿ. ಬೆಂಗಳೂರು ವಿಶ್ವವಿದ್ಯಾಲಯವನ್ನು ಒಡೆದು ಮೂರು ಮಾಡಿದರಲ್ಲ, ಆಗ ನಮ್ಮ ಊಟದ ಮೇಜಿನಲ್ಲಿ ಟ್ಯಾಕ್ಸ್ ದುಡ್ಡಿನ ಮಾತೇ ಬರಲಿಲ್ಲ. ಒಂದೇ ಊರು, ಬಿಎಂಟಿಸಿ ಇದೆ, ಮೆಟ್ರೋ ಇದೆ. ಈ ಸಲದ ಮುಚ್ಚುವ ಪಟ್ಟಿಯಲ್ಲಿ ಬೆಂಗಳೂರಿನ ನೃಪತುಂಗ, ಮಹಾರಾಣಿ ಕ್ಲಸ್ಟರ್ ಕೂಡ ಇವೆ, ಒಪ್ಪುತ್ತೇನೆ. ಆದರೆ ಅವು ಮುಚ್ಚಿದರೆ ಹುಡುಗಿ ಇನ್ನೊಂದು ಬಸ್ಸು ಹತ್ತುತ್ತಾಳೆ. ಹಾವೇರಿಯಲ್ಲಿ ತರಗತಿ ಹೋದರೆ ಎಷ್ಟೋ ಮನೆಗಳಲ್ಲಿ ಹುಡುಗಿ ಬಸ್ಸು ಹತ್ತುವುದೇ ನಿಲ್ಲುತ್ತದೆ.

ಇಷ್ಟು ಕೇಳಿ "ಹಾವೇರಿ ವಿವಿ ಉಳಿಸಿ" ಅಂತ ಬ್ಯಾನರು ಹಿಡಿದವರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುವುದು ಬೇಡ. ಅವರ ಜೊತೆಗೂ ನನ್ನ ಜಗಳ ಇದೆ.

ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಯಾಗಿ ಧಾರವಾಡದ ಗುಡ್ಡದ ಮೇಲೆ ಕ್ಯಾಂಪಸ್ಸು ಕಟ್ಟಿದರು. ಆಗ ಅವರ ಕೈಗೆ ಜಾಗ ಸಿಕ್ಕಿತ್ತು, ಹುದ್ದೆ ಸಿಕ್ಕಿತ್ತು, ಸಮಯ ಸಿಕ್ಕಿತ್ತು. 2023ರ ಮಾರ್ಚ್‌ನಲ್ಲಿ, ಚುನಾವಣೆ ಹೊಸ್ತಿಲಲ್ಲಿದ್ದಾಗ ಉದ್ಘಾಟನೆಯಾದ ಹೊಸ ವಿಶ್ವವಿದ್ಯಾಲಯಗಳಿಗೆ ಆರಂಭಕ್ಕೆ ಅಂತ ಹೇಳಿದ್ದು ತಲಾ 2 ಕೋಟಿ ರೂಪಾಯಿ. ಎರಡು ಕೋಟಿಗೆ ಬೆಂಗಳೂರಿನ ಒಳ್ಳೇ ಬಡಾವಣೆಯಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟು ಬರುತ್ತದೆ, ನಮ್ಮ ಟೀಮಿನಲ್ಲೇ ಇಬ್ಬರು ತಗೊಂಡಿದ್ದಾರೆ. ಫ್ಲ್ಯಾಟಿನ ದುಡ್ಡಿನಲ್ಲಿ ವಿಶ್ವವಿದ್ಯಾಲಯ ಕಟ್ಟುತ್ತೇನೆ ಅಂತ ವೇದಿಕೆ ಮೇಲೆ ಹೇಳಿದವರಿಗೆ ಚಪ್ಪಾಳೆ ಹೊಡೆದವರು ನಾವೇ. "ನಮ್ಮ ಜಿಲ್ಲೆಗೂ ಬಂತು" ಅನ್ನುವ ಹೆಮ್ಮೆಯಲ್ಲಿ ಎಷ್ಟು ಕಾಯಂ ಹುದ್ದೆ ಬಂತು ಅಂತ ಯಾರೂ ಕೇಳಲಿಲ್ಲ.

ಬೋರ್ಡು ಬದಲಾದ ಕೂಡಲೇ ಬರುವುದು ಏನು ಗೊತ್ತಾ? ಕುಲಪತಿ, ಕುಲಸಚಿವರು, ಮೌಲ್ಯಮಾಪನ ಕುಲಸಚಿವರು, ಹಣಕಾಸು ಅಧಿಕಾರಿ. ಕಾಯ್ದೆಯ ಪ್ರಕಾರ ಬೇಕೇ ಬೇಕಾದ ನಾಲ್ಕು ಕುರ್ಚಿ. ಗಣಿತದ ಮೇಷ್ಟ್ರು ಮಾತ್ರ ಕಾಯ್ದೆಯ ಪ್ರಕಾರ ತಾನಾಗಿ ಬರುವುದಿಲ್ಲ. ಅವರಿಗೆ ಹಣಕಾಸು ಇಲಾಖೆ ಒಪ್ಪಬೇಕು, ಅಧಿಸೂಚನೆ ಹೊರಡಬೇಕು, ಅಲ್ಲಿವರೆಗೆ ಅತಿಥಿ ಉಪನ್ಯಾಸಕರು. ಮನೆಗೆ ಬಂದ ಅತಿಥಿಗೂ ನಾವು ಇನ್ನೂ ಚೆನ್ನಾಗಿ ನಡೆದುಕೊಳ್ಳುತ್ತೇವೆ.

ಇದರ ಒಳಗೆ ಇನ್ನೊಂದು ಗಂಟು ಇದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಸರ್ಕಾರದ ಅನುದಾನ ಬಿಟ್ಟರೆ ದೊಡ್ಡ ಆದಾಯ ಅಂದರೆ ಅಧೀನ ಕಾಲೇಜುಗಳ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕ. ಜಿಲ್ಲೆ ಬೇರೆಯಾದರೆ ಆ ಜಿಲ್ಲೆಯ ಕಾಲೇಜುಗಳ ದುಡ್ಡೂ ಬೇರೆಯಾಗುತ್ತದೆ. ತಾಯಿಗೆ ಆದಾಯ ಇಳಿಯುತ್ತದೆ, ನಿವೃತ್ತರ ಪಿಂಚಣಿಯ ಭಾರ ಮಾತ್ರ ಅವಳ ತಲೆ ಮೇಲೆಯೇ ಉಳಿಯುತ್ತದೆ. ಮಗಳಿಗೆ ಕಾಲೇಜು ಸಿಗುತ್ತದೆ, ಮೇಷ್ಟ್ರು ಸಿಗುವುದಿಲ್ಲ. ಕೇಂದ್ರದ ಅನುದಾನ ಕೇಳಬೇಕಾದರೆ ಯುಜಿಸಿಯ 12(ಬಿ) ಮಾನ್ಯತೆ ಬೇಕು, ಅದಕ್ಕೆ ಕಟ್ಟಡ ಬೇಕು, ಅಧ್ಯಾಪಕರು ಬೇಕು, ಅದಕ್ಕೆ ದುಡ್ಡು ಬೇಕು. ನಮ್ಮ ಭಾಷೆಯಲ್ಲಿ ಇದಕ್ಕೆ ಡೆಡ್‌ಲಾಕ್ ಅಂತಾರೆ. ಒಂದಕ್ಕಿನ್ನೊಂದು ಕಾಯುತ್ತಾ ಎರಡೂ ನಿಂತುಬಿಡುತ್ತವೆ.

ಹಸಿವಿನಲ್ಲಿಟ್ಟು ಎರಡು ವರ್ಷದ ಮೇಲೆ "ಬೆಳೆಯಲಿಲ್ಲ ನೋಡಿ" ಅಂತ ಮುಚ್ಚಲು ಹೊರಟಿದ್ದಾರೆ. ಹುಟ್ಟಿಸಿದ್ದು ಒಂದು ಪಕ್ಷ, ಮುಚ್ಚಲು ಹೊರಟಿದ್ದು ಇನ್ನೊಂದು ಪಕ್ಷ. ನಡುವೆ ನನ್ನ ಸೊಸೆಯ ವಯಸ್ಸಿನವರು ಅರ್ಜಿ ಹಿಡಿದು ನಿಂತಿದ್ದಾರೆ.

ನನಗೆ ಬೋರ್ಡಿನ ಮೇಲೆ ಮೋಹ ಇಲ್ಲ. ಕುಲಪತಿ ಕುರ್ಚಿ ಧಾರವಾಡದಲ್ಲಿದ್ದರೆ ಸಾಕು, ಹಾವೇರಿಗೆ ಇನ್ನೊಂದು ಬೇಡ. ಸಾಫ್ಟ್‌ವೇರಿನವನಾಗಿ ಹೇಳುತ್ತೇನೆ, ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ, ಫಲಿತಾಂಶಕ್ಕೆ ಅಂತಲೇ ಯುಯುಸಿಎಂಎಸ್ ಅನ್ನುವ ಒಂದೇ ವ್ಯವಸ್ಥೆ ಈಗಾಗಲೇ ಇದೆ. ಸರ್ವರಿಗೆ ಹಾವೇರಿಯೂ ಒಂದೇ, ಧಾರವಾಡವೂ ಒಂದೇ. ಎರಡೆರಡು ಆಡಳಿತ ಯಾಕೆ ಅಂತ ಸರ್ಕಾರ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ವಿಲೀನ ಮಾಡಿ. ಆದರೆ ಯಾವುದನ್ನು ವಿಲೀನ ಮಾಡುತ್ತೀರಿ ಅಂತ ಬಾಯಿಬಿಟ್ಟು ಹೇಳಿ. ಕಚೇರಿಯನ್ನಾ, ತರಗತಿಯನ್ನಾ? ಕೆರಿಮತ್ತಿಹಳ್ಳಿಯಲ್ಲಿ ವಿಭಾಗಗಳು ಹಾಗೇ ಇರುತ್ತವೆ, ಇಷ್ಟು ಕಾಯಂ ಅಧ್ಯಾಪಕರನ್ನು ಇಂಥ ತಾರೀಖಿನೊಳಗೆ ತುಂಬುತ್ತೇವೆ, ಹುಡುಗಿಯರ ಹಾಸ್ಟೆಲ್ ಕಟ್ಟುತ್ತೇವೆ, ಮಾರ್ಕ್ಸ್‌ಕಾರ್ಡಿನ ಮೇಲೆ ಧಾರವಾಡದ ಹೆಸರೇ ಇರುತ್ತದೆ ಅಂತ ಆದೇಶದಲ್ಲಿ ಬರೆದುಕೊಡಿ. ಆಗ ನಾನೇ ಮುಂದೆ ನಿಂತು ಹಾವೇರಿ ವಿವಿಯ ಬೋರ್ಡು ಇಳಿಸಲು ಏಣಿ ಹಿಡಿಯುತ್ತೇನೆ. ಈ ಒಂದು ಸಾಲು ಬರೆಯದೆ ಬರೀ "ಆರ್ಥಿಕ ಹೊರೆ" ಅಂತ ಮುಚ್ಚಿದರೆ, ಆ ಹೊರೆ ಮಾಯವಾಗುವುದಿಲ್ಲ. ನಮ್ಮ ಭಾವನ ಮೂರು ಎಕರೆಯ ಮೇಲೆ ಬಂದು ಕೂರುತ್ತದೆ.

ನಮ್ಮಂಥವರಿಗೂ ಒಂದು ಮಾತು. ಬಿಇ ಮಾಡಿ ಊರು ಬಿಟ್ಟ ನಾವು ಎಲ್ಲವನ್ನೂ ಪ್ಯಾಕೇಜಿನಲ್ಲಿ ಅಳೆಯುವುದನ್ನು ಕಲಿತಿದ್ದೇವೆ. "ಹಾವೇರಿಯಲ್ಲಿ ಎಂಎಸ್ಸಿ ಮಾಡಿದರೆ ಎಷ್ಟು ಸಂಬಳ ಬರುತ್ತೆ?" ಅಂತ ಕೇಳುತ್ತೇವೆ. ನನಗೆ ಗಣಿತ ಹಿಡಿಸಿದವರು ನಮ್ಮೂರ ಪಕ್ಕದ ಹೈಸ್ಕೂಲಿನ ಮೇಷ್ಟ್ರು, ಧಾರವಾಡದಲ್ಲಿ ಎಂಎಸ್ಸಿ ಮಾಡಿ ವಾಪಸ್ ಬಂದವರು. ಅವರ ಸಂಬಳ ನನ್ನ ಮೊದಲ ಸಂಬಳಕ್ಕಿಂತ ಕಡಿಮೆಯಿತ್ತು. ಅವರು ಆ ಕಪ್ಪು ಹಲಗೆ ಮುಂದೆ ನಿಲ್ಲದಿದ್ದರೆ ನನ್ನ ಸಂಬಳ ಅನ್ನುವುದೇ ಇರುತ್ತಿರಲಿಲ್ಲ. ಇದನ್ನು ಯಾವ ಕಾಲಂನಲ್ಲಿ ಹಾಕಲಿ?

ಶೀಟು ಹಾಗೇ ಇದೆ, ಕೆಳಗೆ ಒಟ್ಟು ಹಾಕಿಲ್ಲ. ಕಳೆದ ವಾರ ಊರಿಗೆ ಫೋನು ಮಾಡಿದೆ. ಭಾವ ಹೇಳಿದ, "ಹಾವೇರ್ಯಾಗ ಆದ್ರ ಓದ್ಲಿ ಬಿಡು. ಧಾರವಾಡ ಅಂದ್ರ ನೋಡೂಣು." ನಮ್ಮ ಮನೆಗಳಲ್ಲಿ "ನೋಡೂಣು" ಅಂದರೆ ಏನರ್ಥ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗಿ ಎರಡೂ ಕಡೆ ಅರ್ಜಿ ಹಾಕುತ್ತೇನೆ ಅಂದಳು. "ಯಾವುದು ಇರತೈತಿ ಅದ್ರಾಗ ಸೇರತೀನಿ" ಅಂತ ನಕ್ಕಳು.

ಆಮೇಲೆ ಅಕ್ಕ ಫೋನು ಇಸಕೊಂಡು ಅಂಗಳಕ್ಕೆ ಬಂದಳು ಅನ್ನಿಸುತ್ತದೆ, ಹಿಂದೆ ಎಮ್ಮೆಯ ಕೊರಳ ಗಂಟೆ ಕೇಳುತ್ತಿತ್ತು. ದನಿ ತಗ್ಗಿಸಿ ಕೇಳಿದಳು.

"ಧಾರವಾಡದಾಗ ಹುಡುಗ್ಯಾರ ಹಾಸ್ಟೆಲ್ ಅರ್ಜಿ ಯಾವಾಗ ಬಿಡತಾರ, ಅದನ್ನ ಕೇಳಿ ಹೇಳು ಮೊದಲ. ನಿಮ್ಮ ಭಾವಗ ಈಗ ಏನೂ ಅನಬ್ಯಾಡ."